ಹೆಸರು ಮುಚ್ಚಿದರೂ ನಿಮ್ಮ ಚಿತ್ರ ಅಂತ ಗೊತ್ತಾಗಬೇಕು

(ಹವ್ಯಾಸಿ ಛಾಯಾಗ್ರಾಹಕರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ವಾರವಿಡೀ ಬೇರೆ ಕೆಲಸ ಮಾಡಿ, ರಜೆ ಸಿಕ್ಕಾಗ ಕ್ಯಾಮೆರಾ ಹೆಗಲಿಗೇರಿಸುವವರು. ಮೇಷ್ಟ್ರಿದ್ದೀರಿ, ಬ್ಯಾಂಕಿನವರಿದ್ದೀರಿ, ಅಂಗಡಿ ನಡೆಸುವವರಿದ್ದೀರಿ, ಕಾಲೇಜಿನ ಮಕ್ಕಳಿದ್ದೀರಿ. ನಾನೂ ನಿಮ್ಮ ಹಾಗೆಯೇ. ಫೋಟೋ ನನ್ನ ಹೊಟ್ಟೆಪಾಡಲ್ಲ. ಇವತ್ತು ಯಾವ ಕ್ಯಾಮೆರಾ ಕೊಳ್ಳಬೇಕು ಅಂತ ಮಾತಾಡುವುದಿಲ್ಲ. ನಾವು ಕಮ್ಮಿ ಮಾತಾಡುವ ಒಂದು ವಿಷಯ ಎತ್ತಿಕೊಂಡಿದ್ದೇನೆ. ಹತ್ತು ಜನರ ಚಿತ್ರಗಳನ್ನು ಹೆಸರು ಹಾಕದೆ ಗೋಡೆಗೆ ತೂಗುಹಾಕಿದರೆ, ಇದು ಇಂಥವರದ್ದು ಅಂತ ನೋಡಿದವರಿಗೆ ಗೊತ್ತಾಗಬೇಕು. ಫೋನಿನಲ್ಲಿ ಹಲೋ ಅಂದ ಕೂಡಲೇ ಯಾರ ದನಿ ಅಂತ ತಿಳಿಯುತ್ತದಲ್ಲ, ಹಾಗೆ. ಅದನ್ನೇ ನಾವು ಶೈಲಿ ಅನ್ನುವುದು. ಅದು ಒಬ್ಬ ಹವ್ಯಾಸಿಗೆ ಎಲ್ಲಿಂದ ಬರುತ್ತದೆ?

ಮೊದಲು ನಮ್ಮ ಸುತ್ತ ಇರುವ ಚಿತ್ರಗಳನ್ನು ನೋಡೋಣ. ಹಂಪಿಯ ಮಾತಂಗ ಬೆಟ್ಟದ ಮೇಲಿನ ಸೂರ್ಯೋದಯ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಮೇಲಿನಿಂದ ಇಣುಕಿ ತೆಗೆದ ಹೂವಿನ ರಾಶಿಗಳು. ಕಂಬಳದಲ್ಲಿ ಕೋಣಗಳ ಮುಂದೆ ಚಿಮ್ಮುವ ಕೆಸರು ನೀರು. ಕಬಿನಿ ಕಾಡಿನಲ್ಲಿ ಕೊಂಬೆ ಮೇಲೆ ಕಾಲು ಇಳಿಬಿಟ್ಟು ಮಲಗಿದ ಚಿರತೆ. ಇವು ಕೆಟ್ಟ ಚಿತ್ರಗಳಲ್ಲ. ಒಂದೊಂದರ ಹಿಂದೆಯೂ ನಿದ್ದೆಗೆಟ್ಟ ರಾತ್ರಿ ಇದೆ, ಶ್ರಮ ಇದೆ. ಆದರೆ ಇಪ್ಪತ್ತು ಜನ ತೆಗೆದ ಕಂಬಳದ ಚಿತ್ರಗಳನ್ನು ಕಲಸಿಬಿಟ್ಟರೆ ತೆಗೆದವರಿಗೇ ತಮ್ಮದು ಯಾವುದು ಅಂತ ಹುಡುಕುವುದು ಕಷ್ಟ. ಅಲ್ಲಿ ಜಾಗ ಮಾತಾಡುತ್ತಿದೆ. ನಿಂತು ನೋಡಿದವರ ಸುದ್ದಿ ಇಲ್ಲ.

ಹೀಗೇಕಾಗುತ್ತದೆ? ನನಗೆ ಕಾಣುವ ಕಾರಣ ಇಷ್ಟು. ನಾವು ಬಹಳ ಜನ ಕಲಿತದ್ದು ಸ್ಪರ್ಧೆಗಳಿಂದ, ತೀರ್ಪುಗಾರರು ಚಿತ್ರ ಆರಿಸಿ ಪ್ರದರ್ಶಿಸುವ ಸಲೋನ್‌ಗಳಿಂದ. ಸಲೋನ್‌ನಲ್ಲಿ ತೀರ್ಪುಗಾರರ ಮುಂದೆ ಒಂದು ಚಿತ್ರ ನಿಲ್ಲುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಅಂಕ ಬೀಳಬೇಕು. ನೋಡಿದ ತಕ್ಷಣ ಕಣ್ಣಿಗೆ ಹೊಡೆಯುವ ಚಿತ್ರ ಗೆಲ್ಲುತ್ತದೆ. ಎರಡನೇ ಸಲ ನೋಡಿದಾಗ ಹಿಡಿಸುವ ಚಿತ್ರ ಹೊರಗೆ ಉಳಿಯುತ್ತದೆ. ಮೊಬೈಲ್ ಪರದೆಯ ಮೇಲೆ ಬೆರಳು ಜಾರಿಸುತ್ತಾ ನೋಡುವವರ ಕಥೆಯೂ ಇದೇ. ಸ್ಪರ್ಧೆಗಳು ನಮಗೆ ಶಿಸ್ತು ಕಲಿಸಿವೆ, ಅದನ್ನು ಮರೆಯಬಾರದು. ಫೋಕಸ್, ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕು ಅನ್ನುವ ಎಕ್ಸ್‌ಪೋಷರ್, ಚೌಕಟ್ಟಿನ ಅಂಚು ನೋಡುವ ಅಭ್ಯಾಸ, ಎಲ್ಲ ಅಲ್ಲಿಂದಲೇ ಬಂದದ್ದು. ಆದರೆ ಗೆದ್ದ ಚಿತ್ರವನ್ನು ನೋಡಿ ಅಂಥದ್ದನ್ನೇ ತೆಗೆಯುವ ಅಭ್ಯಾಸವೂ ಅಲ್ಲಿಂದಲೇ ಬಂತು.

ಹವ್ಯಾಸಿಯ ಹತ್ತಿರ ವೃತ್ತಿಯವರಿಗೆ ಇಲ್ಲದ ಒಂದು ದೊಡ್ಡ ಆಸ್ತಿ ಇದೆ. ನಮ್ಮನ್ನು ಯಾರೂ ಎಲ್ಲಿಗೂ ಕಳಿಸುವುದಿಲ್ಲ. ಗಿರಾಕಿ ಇಲ್ಲ, ಸಂಪಾದಕ ಇಲ್ಲ. ಮದುವೆ ಫೋಟೋ ತೆಗೆಯುವವರು ಮುಹೂರ್ತಕ್ಕೆ ಸರಿಯಾಗಿ ಧಾರೆಯ ಚಿತ್ರ ತೆಗೆಯಲೇಬೇಕು. ನಾವು ನಮ್ಮ ಬೀದಿಯ ಒಂದೇ ಗೋಡೆಯನ್ನು ಐದು ವರ್ಷ ತೆಗೆದರೂ ಕೇಳುವವರಿಲ್ಲ. ಈ ಸ್ವಾತಂತ್ರ್ಯವನ್ನು ನಾವು ಬಳಸುತ್ತಿಲ್ಲ. ಸಮಯ ಕಮ್ಮಿ, ದುಡ್ಡು ಕಮ್ಮಿ, ದೂರ ಹೋಗೋಕಾಗಲ್ಲ ಅಂತ ಕೊರಗುತ್ತೇವೆ. ಆ ಕಮ್ಮಿಯಿಂದಲೇ ಶೈಲಿ ಹುಟ್ಟುತ್ತದೆ ಅನ್ನುವುದು ನನ್ನ ನಂಬಿಕೆ. ಇದನ್ನು ಸುಮ್ನೆ ಹೇಳುತ್ತಿಲ್ಲ. ಫೋಟೋಗ್ರಫಿಯ ಚರಿತ್ರೆಯಲ್ಲಿ ಇದಕ್ಕೆ ಗಟ್ಟಿ ಸಾಕ್ಷಿಗಳಿವೆ.

ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಹುಟ್ಟಿದ್ದು 1815ರಲ್ಲಿ, ನಮ್ಮ ಕಲ್ಕತ್ತದಲ್ಲಿ. ಮುಂದೆ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಮನೆ ಮಾಡಿದರು. 1863ರ ಕೊನೆಯಲ್ಲಿ ಮಗಳು ಅಳಿಯ ಸೇರಿ ಅವರಿಗೊಂದು ಕ್ಯಾಮೆರಾ ಕೊಟ್ಟರು. ಆಗ ಅವರಿಗೆ 48 ವರ್ಷ. ಅಲ್ಲಿಯ ತನಕ ಈ ವಿದ್ಯೆ ಕಲಿತವರೇ ಅಲ್ಲ. ಕೋಳಿಗಳಿದ್ದ ಗಾಜಿನ ಮನೆಯೇ ಸ್ಟುಡಿಯೋ ಆಯಿತು. ಕಲ್ಲಿದ್ದಲು ತುಂಬುವ ಕೋಣೆ ಡಾರ್ಕ್‌ರೂಮ್ ಆಯಿತು. ಮನೆಗೆಲಸದ ಹುಡುಗಿಯರು, ನೆಂಟರ ಮಕ್ಕಳು, ಅಕ್ಕಪಕ್ಕದವರು, ಮನೆಗೆ ಬಂದ ಅತಿಥಿಗಳು ಅವರ ಚಿತ್ರಗಳ ಜನ. ನೆರೆಯವರಲ್ಲಿ ಕವಿ ಟೆನಿಸನ್ ಇದ್ದರು ಅನ್ನುವುದು ನಿಜ, ಆದರೆ ಮನೆಗೆಲಸದವರ ಮುಖವನ್ನೂ ಅಷ್ಟೇ ಶ್ರದ್ಧೆಯಿಂದ, ಅಷ್ಟೇ ದೊಡ್ಡದಾಗಿ ತೆಗೆದರು. ಅವರ ಚಿತ್ರಗಳು ಪೂರ್ತಿ ಚೂಪಾಗಿ ಇರುತ್ತಿರಲಿಲ್ಲ, ಸ್ವಲ್ಪ ಮಸುಕು. ಆ ಕಾಲದ ಫೋಟೋಗ್ರಫಿ ಪತ್ರಿಕೆಗಳು ಇದನ್ನು ಚೆನ್ನಾಗಿ ಬೈದವು. ಅವರು ಬದಲಾಗಲಿಲ್ಲ. ಲೆನ್ಸನ್ನು ಹೊಂದಿಸುವಾಗ ಯಾವ ಹಂತದಲ್ಲಿ ಮುಖ ತನಗೆ ಸುಂದರವಾಗಿ ಕಂಡಿತೋ ಅಲ್ಲಿಗೇ ನಿಲ್ಲಿಸುತ್ತಿದ್ದರು. ಅವತ್ತು ತಪ್ಪು ಅನ್ನಿಸಿಕೊಂಡ ಆ ಮಸುಕನ್ನೇ ಇವತ್ತು ನೋಡಿ ಇದು ಕ್ಯಾಮೆರಾನ್ ಚಿತ್ರ ಅನ್ನುತ್ತೇವೆ.

ಪ್ರಾಗ್ ನಗರದ ಛಾಯಾಗ್ರಾಹಕ ಯೋಸೆಫ್ ಸುಡೆಕ್ ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು. 1940ರಿಂದ 1954ರ ತನಕ ತಮ್ಮ ಸ್ಟುಡಿಯೋದ ಕಿಟಕಿಯ ಚಿತ್ರವನ್ನೇ ತೆಗೆಯುತ್ತಾ ಹೋದರು. ಗಾಜಿನ ಮೇಲಿನ ಹಬೆ, ಮಂಜು, ಹೊರಗಿನ ಸೊಟ್ಟ ಮರ. ಹದಿನಾಲ್ಕು ವರ್ಷ, ಒಂದೇ ಕಿಟಕಿ.

ನಮ್ಮವರ ವಿಷಯಕ್ಕೆ ಬರೋಣ. ಸಂಡೂರಿನ ಎಂ. ವೈ. ಘೋರ್ಪಡೆಯವರ ಹೆಸರು ರಾಜಕೀಯದಲ್ಲಿ ಎಲ್ಲರಿಗೂ ಗೊತ್ತು. 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಅವರು ದೊಡ್ಡ ವನ್ಯಜೀವಿ ಛಾಯಾಗ್ರಾಹಕರೂ ಹೌದು, ಅದೂ ಹವ್ಯಾಸಿಯಾಗಿ. ಬಜೆಟ್ ಮಂಡಿಸುವ ಮನುಷ್ಯನಿಗೆ ಕಾಡಿಗೆ ಹೋಗಲು ಎಷ್ಟು ಬಿಡುವು ಸಿಕ್ಕೀತು ಯೋಚಿಸಿ. ಅವರ ಹೆಸರಾದ ಕಪ್ಪು ಬಿಳುಪು ಚಿತ್ರಗಳನ್ನು ಹುಡುಕಿ ನೋಡಿ. ಪ್ರಾಣಿ ಚೌಕಟ್ಟಿನ ತುಂಬ ಇರಬೇಕು ಅನ್ನುವ ಹಟ ಅಲ್ಲಿಲ್ಲ. ಮರದ ನೆರಳು, ಧೂಳಿನಲ್ಲಿ ಹಾದು ಬರುವ ಬಿಸಿಲು, ಅದರೊಳಗೆ ಪ್ರಾಣಿ. ಬೆಳಕಿಗೆ ಪ್ರಾಣಿಯಷ್ಟೇ ಪಾತ್ರ. ಇವತ್ತು ದೂರದ್ದನ್ನು ಹತ್ತಿರ ತರುವ 600 ಎಂ.ಎಂ. ಲೆನ್ಸ್ ಹಿಡಿದು ಹುಲಿಯ ಮೀಸೆ ಎಣಿಸುವ ಹಾಗೆ ತೆಗೆಯುವ ನಾವು ಆ ಚಿತ್ರಗಳ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

ಈಗ ನನ್ನ ಅನುಭವ. ನಮ್ಮೂರಲ್ಲಿ ವಾರಕ್ಕೊಂದು ಸಂತೆ. ನಾನು ತೆಗೆಯುವುದು ಹೆಚ್ಚಾಗಿ ಅದನ್ನೇ, ಬಹಳ ವರ್ಷಗಳಿಂದ. ಸಂತೆಯಲ್ಲಿ ವ್ಯಾಪಾರಿಗಳು ಬಿಸಿಲಿಗೆ ಟಾರ್ಪಾಲು ಕಟ್ಟುತ್ತಾರೆ. ನೀಲಿ ಟಾರ್ಪಾಲೇ ಜಾಸ್ತಿ. ಕೆಲವರದ್ದು ಹಳದಿ, ಕೆಲವರದ್ದು ಕಿತ್ತಳೆ. ಬಿಸಿಲು ಅದರ ಮೂಲಕ ಇಳಿದರೆ ಕೆಳಗಿರುವುದಕ್ಕೆಲ್ಲ ಅದೇ ಬಣ್ಣ. ಟೊಮೆಟೊ ನೇರಳೆಯಾಗುತ್ತದೆ, ಮುಖ ನೀಲಿಯಾಗುತ್ತದೆ. ಬೆಳಕಿನ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ತಿದ್ದಿ ಮುಖ ಸರಿ ಮಾಡಿದರೆ ಹಿಂದೆ ಬಿಸಿಲಿನಲ್ಲಿ ನಿಂತವರು ಅರಿಶಿನ ಬಳಿದ ಹಾಗೆ ಕಾಣುತ್ತಾರೆ. ಒಂದೇ ಚೌಕಟ್ಟಿನಲ್ಲಿ ಎರಡು ಬೆಳಕು, ಎರಡನ್ನೂ ಒಟ್ಟಿಗೆ ಸರಿ ಮಾಡಲು ಆಗುವುದಿಲ್ಲ.

ದಾರಿ ಸಿಕ್ಕಿದ್ದು ಟಾರ್ಪಾಲಿನ ಅಂಚಿನಲ್ಲಿ. ವ್ಯಾಪಾರಿ ಗಿರಾಕಿಗೆ ಸಾಮಾನು ಕೊಡಲು ಮುಂದೆ ಬಾಗುತ್ತಾರೆ ನೋಡಿ, ಆಗ ಮುಖ ಅಂಚಿನ ಹತ್ತಿರ ಬರುತ್ತದೆ. ತಲೆಯ ಮೇಲೆ ನೇರ ಬಿಸಿಲು ಬೀಳುವುದಿಲ್ಲ, ಎದುರಿನ ತೆರೆದ ಆಕಾಶದ ಬೆಳಕು ಮಾತ್ರ ಮುಖಕ್ಕೆ ಬರುತ್ತದೆ. ಮೆತ್ತನೆಯ ಬೆಳಕು. ಹಿಂದೆ ಅಂಗಡಿಯ ಒಳಗೆಲ್ಲ ಗಾಢ ನೀಲಿ ನೆರಳು. ಬಾಗಿದ ಆ ಕ್ಷಣ ಸೊಪ್ಪಿನ ಕಟ್ಟು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಿರುತ್ತದೆ, ಕಣ್ಣು ಗಿರಾಕಿಯ ಮುಖದ ಮೇಲೆ ಇರುತ್ತದೆ, ಕ್ಯಾಮೆರಾದ ಮೇಲಲ್ಲ. ಇದು ಗೊತ್ತಾದ ಮೇಲೆ ನಾನು ನಿಲ್ಲುವ ಜಾಗ ಬದಲಾಯಿತು. ಗಿರಾಕಿಯ ಹೆಗಲ ಪಕ್ಕ, ಅಂಚಿಗೆ ಎದುರಾಗಿ, ಒಂದು ಮಾರು ದೂರದಲ್ಲಿ ನಿಲ್ಲುತ್ತೇನೆ. ನನ್ನ ಚಿತ್ರಗಳಲ್ಲಿ ಗಿರಾಕಿಯ ಹೆಗಲೋ ಚೀಲವೋ ಒಂದು ಮೂಲೆಯಲ್ಲಿ ಕಪ್ಪಗೆ ಇರುವುದು ಅದಕ್ಕೇ. ಅದನ್ನು ನೋಡಿ ಸ್ನೇಹಿತರು ಇದು ನಿಮ್ಮದೇ ಅಲ್ವಾ ಅನ್ನುತ್ತಾರೆ. ಶೈಲಿ ಬೇಕು ಅಂತ ಕೂತು ಯೋಚಿಸಿ ಮಾಡಿದ್ದಲ್ಲ. ಒಂದು ಜಾಗಕ್ಕೆ ಮತ್ತೆ ಮತ್ತೆ ಹೋದಾಗ ಅಲ್ಲಿನ ತೊಡಕು ನಿಮಗೊಂದು ಉತ್ತರ ಕೇಳುತ್ತದೆ. ನೀವು ಕೊಡುವ ಉತ್ತರ ನಿಮ್ಮ ಚಿತ್ರದಲ್ಲಿ ಕಾಣುತ್ತದೆ. ಬೇರೆಯವರು ಅದೇ ಟಾರ್ಪಾಲಿನ ಕೆಳಗೆ ಹೋಗಿ ಎಲ್ಲವನ್ನೂ ನೀಲಿಯಾಗೇ ಬಿಡಬಹುದು. ಅದೂ ಒಂದು ಉತ್ತರವೇ, ಬಹಳ ಒಳ್ಳೆಯ ಉತ್ತರವೂ ಆಗಬಹುದು.

ದೂರದ ಬಗ್ಗೆ ಒಂದು ಮಾತು. ನೀವು ವಿಷಯದಿಂದ ಎಷ್ಟು ದೂರ ನಿಲ್ಲುತ್ತೀರಿ ಅನ್ನುವುದು ನಿಮ್ಮ ಸ್ವಭಾವವನ್ನೇ ತೋರಿಸುತ್ತದೆ. ಕೆಲವರಿಗೆ ಜನರ ನಡುವೆ ನುಗ್ಗಿ ಹೋಗುವುದು ಸಲೀಸು. ಕೆಲವರಿಗೆ ರಸ್ತೆಯ ಆಚೆ ಬದಿಯೇ ಹಿತ. ಆಚೆ ಬದಿಯಲ್ಲಿ ನಿಲ್ಲುವವರು ಧೈರ್ಯ ಸಾಲದು ಅಂತ ತಮ್ಮನ್ನು ತಾವು ಬೈದುಕೊಳ್ಳುತ್ತಾರೆ, ಬೇಕಾಗಿಲ್ಲ. ನ್ಯೂಯಾರ್ಕಿನ ಸಾಲ್ ಲೈಟರ್ ತಮ್ಮ ಮನೆಯ ಸುತ್ತಮುತ್ತಲ ಬೀದಿಗಳನ್ನೇ ದಶಕಗಳ ಕಾಲ ತೆಗೆದರು. ಬೀದಿಯಲ್ಲೂ ಎಷ್ಟೋ ಸಲ ಉದ್ದದ ಲೆನ್ಸ್ ಬಳಸಿದರು. ಮಳೆಹನಿ ಕೂತ ಗಾಜಿನ ಆಚೆಯಿಂದ, ಅಂಗಡಿಯ ಹಲಗೆಗಳ ಸಂದಿನಿಂದ ಜನರನ್ನು ನೋಡಿದರು. ಅಗ್ಗಕ್ಕೆ ಸಿಗುತ್ತಿತ್ತು ಅಂತ ಅವಧಿ ಮುಗಿದ ಫಿಲ್ಮ್ ಹಾಕಿ ತೆಗೆದರು, ಆ ಫಿಲ್ಮಿನ ಬಣ್ಣದ ಏರುಪೇರೂ ಚಿತ್ರದಲ್ಲಿ ಸೇರಿತು. ದೂರ ನಿಲ್ಲುವುದೇ ಅವರ ಸಹಿಯಾಯಿತು.

ನಿಮ್ಮ ದೂರ ಯಾವುದು ಅಂತ ತಿಳಿಯಲು ಒಂದು ಸುಲಭ ಉಪಾಯ ಇದೆ. ನಿಮಗೆ ಇಷ್ಟವಾದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದು ಫೋಲ್ಡರಿಗೆ ಹಾಕಿ. ಪ್ರತಿ ಫೈಲಿನ ಒಳಗೂ ಫೋಕಲ್ ಲೆಂತ್, ಅಂದರೆ ಲೆನ್ಸ್ ದೃಶ್ಯವನ್ನು ಎಷ್ಟು ಹತ್ತಿರಕ್ಕೆ ಎಳೆದಿತ್ತು ಅನ್ನುವ ಎಂ.ಎಂ. ಅಳತೆ, ದಾಖಲಾಗಿರುತ್ತದೆ. ಲೈಟ್‌ರೂಮ್‌ನಂಥ ತಂತ್ರಾಂಶದಲ್ಲಿ ಅದರ ಪ್ರಕಾರ ವಿಂಗಡಿಸಿಯೂ ನೋಡಬಹುದು. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಇರುವ ಬಹಳ ಜನರ ಚಿತ್ರಗಳು 18 ಅಥವಾ 55ರಲ್ಲಿ, ಅಂದರೆ ಜೂಮ್‌ನ ಎರಡು ತುದಿಗಳಲ್ಲಿ ಬಂದು ಕೂರುತ್ತವೆ. ತುದಿಗೆ ತಿರುಗಿಸಿ ಬಿಟ್ಟದ್ದು ಅದು, ಆರಿಸಿಕೊಂಡದ್ದಲ್ಲ. ಒಂದು ಅಳತೆ ಹಿಡಿದು, 35 ಆಗಲಿ 50 ಆಗಲಿ, ಜೂಮ್ ರಿಂಗಿಗೆ ಟೇಪ್ ಸುತ್ತಿಬಿಡಿ. ಕೆಲವು ತಿಂಗಳು ಹಾಗೇ ತೆಗೆಯಿರಿ. ಕ್ಯಾಮೆರಾ ಎತ್ತುವ ಮೊದಲೇ ಚೌಕಟ್ಟು ಎಲ್ಲಿಗೆ ಮುಗಿಯುತ್ತದೆ ಅಂತ ಕಣ್ಣಿಗೆ ಗೊತ್ತಾಗಲು ಶುರುವಾಗುತ್ತದೆ.

ಇನ್ನು ನನಗೆ ಬಹಳ ಮುಖ್ಯ ಅನ್ನಿಸುವ ವಿಷಯ, ಮೈಬಣ್ಣ.

ಸಂತೆಯಲ್ಲಿ ಸೊಪ್ಪು ಮಾರುವ ಒಬ್ಬ ಅಜ್ಜಿ ಇದ್ದಾರೆ. ಅವರ ಚಿತ್ರದ ಪ್ರಿಂಟ್ ಹಾಕಿಸಿ ಕೊಟ್ಟೆ. ಲ್ಯಾಬಿನವರು ನನ್ನನ್ನು ಕೇಳದೆ ಮುಖವನ್ನು ಬೆಳ್ಳಗೆ ಮಾಡಿದ್ದರು. ಅಜ್ಜಿ ಪ್ರಿಂಟನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, "ಸೀರೆ ನಂದೇ ಕಣಪ್ಪಾ, ಮುಖ ಯಾರ್ದು?" ಅಂದರು. ಇದಕ್ಕಿಂತ ದೊಡ್ಡ ವಿಮರ್ಶೆಯನ್ನು ನಾನು ಕೇಳಿಲ್ಲ.

ಇದು ಲ್ಯಾಬಿನಲ್ಲಿ ಮಾತ್ರ ಆಗುವುದಲ್ಲ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಎದುರಿನ ದೃಶ್ಯದ ಸರಾಸರಿಯನ್ನು ಮಧ್ಯಮ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ಮುಖ ಚೌಕಟ್ಟು ತುಂಬಿದ್ದರೆ ಬೆಳಕು ಜಾಸ್ತಿ ಕೊಟ್ಟುಬಿಡುತ್ತದೆ. ಹೊಳಪು ಹೋಗಿ ಮುಖ ಬೂದಿ ಬಳಿದ ಹಾಗಾಗುತ್ತದೆ. ಕೆಲವು ಫೋನುಗಳ ಬ್ಯೂಟಿ ಮೋಡ್ ಇನ್ನೂ ಮುಂದೆ ಹೋಗಿ ಸುಕ್ಕನ್ನೂ ಅಳಿಸುತ್ತದೆ. ಮದುವೆ ಆಲ್ಬಮ್ಮುಗಳಲ್ಲಿ ಮದುಮಗಳನ್ನು ಫೇರ್ ಮಾಡುವುದು ಕೇಳದೆಯೇ ನಡೆಯುವ ಕೆಲಸ. ಇದರಿಂದ ನನಗೆ ನೋವಾಗುತ್ತದೆ. ನಮ್ಮ ಅಮ್ಮಂದಿರ, ಅಕ್ಕತಂಗಿಯರ ಬಣ್ಣವನ್ನು ತಪ್ಪು ಅಂತ ತಿದ್ದುವ ಕೆಲಸ ಇದು.

ನಾನು ಮಾಡುವುದು ಇಷ್ಟೇ. ಗಾಢ ಮೈಬಣ್ಣದ ಮುಖ ಹತ್ತಿರದಿಂದ ತೆಗೆಯುವಾಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್ನನ್ನು ಮೈನಸ್ ಕಡೆಗೆ ಒಂದು ಸ್ಟಾಪಿನ ಮೂರನೇ ಎರಡರಷ್ಟು ಇಳಿಸುತ್ತೇನೆ, ಅಂದರೆ ಮೀಟರ್ ಹೇಳಿದ್ದಕ್ಕಿಂತ ಸ್ವಲ್ಪ ಕಮ್ಮಿ ಬೆಳಕು ಬಿಡುತ್ತೇನೆ. ಬೆಳಕು ಒಂದು ಬದಿಯಿಂದ ಬರುವ ಹಾಗೆ ನಿಲ್ಲುತ್ತೇನೆ. ಆಗ ಕೆನ್ನೆಯ ಮೂಳೆ, ಹಣೆ, ಮೂಗುಬೊಟ್ಟಿನ ಹತ್ತಿರ ಬೆಳಕು ಮಿಂಚುತ್ತದೆ, ಉಳಿದದ್ದು ತನ್ನ ಬಣ್ಣದಲ್ಲೇ ಇರುತ್ತದೆ. ಪ್ರಿಂಟಿಗೆ ಕೊಡುವಾಗ "ಕಲರ್ ಕರೆಕ್ಷನ್ ಬೇಡ, ಇದ್ದ ಹಾಗೇ ಹಾಕಿ" ಅಂತ ಬರೆದುಕೊಡುತ್ತೇನೆ. ನೋಡಲು ಇದು ತಂತ್ರದ ಮಾತು. ಆದರೆ ಎದುರಿಗಿರುವ ಮನುಷ್ಯರನ್ನು ನೀವು ಹೇಗೆ ಕಾಣುತ್ತೀರಿ ಅನ್ನುವುದು ಇಲ್ಲಿ ತೀರ್ಮಾನವಾಗುತ್ತದೆ. ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿದವರಿಗೆ ನಾನು ಹೇಳುವುದು ತಿಳಿಯುತ್ತದೆ. 1979, ಅಂತರರಾಷ್ಟ್ರೀಯ ಮಕ್ಕಳ ವರ್ಷ. ಅವರು ತೆಗೆದ ಮಕ್ಕಳ ಚಿತ್ರಗಳು ಆ ವರ್ಷ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು. ಅವರ ಚಿತ್ರದಲ್ಲಿ ಬಡವರಿದ್ದಾರೆ, ಬಡವರ ಮೇಲೆ ಕರುಣೆ ಸುರಿಯುವ ನೋಟ ಇಲ್ಲ. ಆ ಮರ್ಯಾದೆಯೇ ಅವರ ಶೈಲಿ.

ಫೋನಿನಲ್ಲಿ ತೆಗೆಯುವವರಿಗೂ ಇದು ಅನ್ವಯಿಸುತ್ತದೆ. ಫೋನು ಒಂದೇ ಕ್ಲಿಕ್ಕಿನಲ್ಲಿ ಹಲವು ಫ್ರೇಮುಗಳನ್ನು ಜೋಡಿಸಿ ನೆರಳನ್ನೆಲ್ಲ ತೆಳುವಾಗಿಸುತ್ತದೆ. ಹಾಗಾಗಿ ಎಲ್ಲರ ಫೋನಿನ ಚಿತ್ರವೂ ಒಂದೇ ತರಹ. ಆ ಶೈಲಿ ಕಂಪನಿಯವರದ್ದು. ಬೆಳಕು ಜಾಸ್ತಿ ಇರುವ ಕಡೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಕತ್ತಲೆ ಕತ್ತಲೆಯಾಗೇ ಉಳಿಯುತ್ತದೆ.

ಇಷ್ಟೆಲ್ಲ ತೆಗೆದ ಮೇಲೆ ನಿಮ್ಮದು ಯಾವುದು ಅಂತ ಕಾಣುವುದು ಹೇಗೆ? ಪ್ರಿಂಟ್ ಹಾಕಿಸಿ. ದೊಡ್ಡದು ಬೇಡ, ಮ್ಯಾಕ್ಸಿ ಸೈಜು, ಅಂದರೆ 4 ಇಂಚು 6 ಇಂಚಿನದ್ದು ಸಾಕು. ನಡುಮನೆಯ ನೆಲದ ಮೇಲೆ ಹರಡಿ. ಪರದೆಯ ಮೇಲೆ ಒಂದಾದ ಮೇಲೊಂದು ನೋಡುವಾಗ ಕಾಣದ್ದು ಒಟ್ಟಿಗೆ ಹರಡಿದಾಗ ಕಾಣುತ್ತದೆ. ಆಮೇಲೆ ಮನೆಯವರನ್ನು ಕರೆಯಿರಿ. ಫೋಟೋಗ್ರಫಿ ಗೊತ್ತಿಲ್ಲದವರಾದರೆ ಇನ್ನೂ ಒಳ್ಳೆಯದು. ಯಾವುದು ಚೆನ್ನಾಗಿದೆ ಅಂತ ಕೇಳಬೇಡಿ. ಯಾವುದರ ಜೊತೆ ಯಾವುದು ಸೇರುತ್ತದೆ ಅಂತ ಕೇಳಿ, ಗುಂಪು ಮಾಡಲು ಹೇಳಿ. ನನ್ನ ಚಿತ್ರಗಳನ್ನು ಜೋಡಿಸಿದ್ದು ನನ್ನ ಅಕ್ಕ. ಅವಳು ಹೇಳಿದ್ದು, "ಇದ್ರಲ್ಲೆಲ್ಲ ಕೈಗಳೇ ಇವೆಯಲ್ಲೋ." ನಾನು ಮುಖ ತೆಗೆಯುವವನು ಅಂದುಕೊಂಡಿದ್ದೆ. ಅವಳು ಹೇಳಿದ ಮೇಲೆ ನೋಡಿದರೆ ತರಕಾರಿ ತೂಗುವ ಕೈ, ಚಿಲ್ಲರೆ ಎಣಿಸುವ ಕೈ, ಸೆರಗಿನ ತುದಿಗೆ ನೋಟು ಗಂಟು ಹಾಕುವ ಕೈ.

ಇಂಗ್ಲೆಂಡಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಅಸೋಸಿಯೇಟ್ ಮನ್ನಣೆಗೆ ನಮ್ಮ ರಾಜ್ಯದ ಹವ್ಯಾಸಿಗಳೂ ಅರ್ಜಿ ಹಾಕುತ್ತಾ ಬಂದಿದ್ದಾರೆ. ಅಲ್ಲಿ ಒಂದು ಚಿತ್ರ ನೋಡಿ ತೀರ್ಪು ಕೊಡುವುದಿಲ್ಲ. 15 ಚಿತ್ರಗಳನ್ನು ಒಂದು ಕ್ರಮದಲ್ಲಿ ಜೋಡಿಸಿ ಕೊಡಬೇಕು. ಏನು ಹೇಳಲು ಹೊರಟಿದ್ದೀರಿ ಅಂತ 150 ಪದಗಳ ಒಳಗೆ ಬರೆದುಕೊಡಬೇಕು. ಮನ್ನಣೆ ಬೇಕಿಲ್ಲದಿದ್ದರೂ ಈ ಪದ್ಧತಿಯನ್ನು ಮನೆಯಲ್ಲೇ ಮಾಡಿ ನೋಡಿ. ಹದಿನೈದಕ್ಕೆ ಇಳಿಸುವಾಗ ಬಹುಮಾನ ಬಂದ ಚಿತ್ರವನ್ನೇ ಹೊರಗಿಡಬೇಕಾಗಬಹುದು. ಉಳಿದ ಹದಿನಾಲ್ಕರ ಜೊತೆ ಅದು ಹೊಂದದಿದ್ದರೆ ಇಟ್ಟುಕೊಳ್ಳುವಂತಿಲ್ಲ. ಆ ಬರಹವನ್ನು ಕನ್ನಡದಲ್ಲೇ, ಮನೆಯಲ್ಲಿ ಮಾತಾಡುವ ಹಾಗೆ ಬರೆಯಿರಿ. "ಸಂತೆಯಲ್ಲಿ ಕೊಡುವ ತಗೊಳ್ಳುವ ಕೈಗಳನ್ನು ಹತ್ತಿರದಿಂದ ನೋಡಿದ್ದೇನೆ" ಅಂತ ನಾನು ಬರೆದುಕೊಂಡೆ. ಅದು ಸಿಕ್ಕಿದ ಮೇಲೆ ಸಂತೆಯಲ್ಲಿ ಏನು ತೆಗೆಯಬಾರದು ಅನ್ನುವುದು ತಿಳಿಯಿತು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

ಒಂದೇ ಒತ್ತಿಗೆ ಚಿತ್ರದ ಬಣ್ಣ ಬದಲಿಸುವ ಸಿದ್ಧ ಹೊಂದಿಕೆ, ಅಂದರೆ ಪ್ರೀಸೆಟ್ ಬಳಸಬಹುದಾ ಅಂತ ಒಬ್ಬರು ಕೇಳಿದರು. ಬಳಸಬಹುದು. ಆದರೆ ಪ್ರೀಸೆಟ್ ತೆಗೆದು ಹಾಕಿದ ಮೇಲೂ ಆ ಹದಿನೈದು ಚಿತ್ರ ಒಂದೇ ಮನೆಯವರ ಹಾಗೆ ಕಾಣಬೇಕು. ಬಣ್ಣ ಒಂದೇ ಇದ್ದ ಮಾತ್ರಕ್ಕೆ ನೋಟ ಒಂದೇ ಆಗುವುದಿಲ್ಲ.

ಹಾಗಾದ್ರೆ ಸ್ಪರ್ಧೆ ಬಿಟ್ಟುಬಿಡಬೇಕಾ ಅಂತ ಇನ್ನೊಬ್ಬರು. ಬಿಡಬೇಡಿ. ಸ್ಪರ್ಧೆಗೆ ಕಳಿಸುವ ಫೋಲ್ಡರ್ ಬೇರೆ ಇರಲಿ, ನಿಮ್ಮದು ಬೇರೆ ಇರಲಿ. ಸ್ಪರ್ಧೆಯ ಫಲಿತಾಂಶ ನೋಡಿ ನಿಮ್ಮ ಫೋಲ್ಡರಿನಿಂದ ಚಿತ್ರ ತೆಗೆಯಬೇಡಿ, ಸೇರಿಸಲೂ ಬೇಡಿ.

ಕೊನೆಗೆ ಹಿಂದಿನ ಸಾಲಿನಿಂದ ಕಾಲೇಜು ಹುಡುಗಿಯೊಬ್ಬಳು ಎದ್ದು, "ಸಾರ್, ನಾವಿರೋದು ಅಪಾರ್ಟ್‌ಮೆಂಟಲ್ಲಿ. ಸಂತೆ ಇಲ್ಲ, ಬೀದಿ ಇಲ್ಲ. ಒಬ್ಬಳೇ ದೂರ ಹೋಗೋಕೆ ಮನೇಲಿ ಬಿಡಲ್ಲ. ಏನು ತೆಗೀಲಿ?" ಅಂದಳು. ಅವಳ ಪ್ರಶ್ನೆ ನನಗೆ ಬಹಳ ಹಿಡಿಸಿತು. ಸುಡೆಕ್‌ಗೆ ಕಿಟಕಿ ಸಾಕಾಗಿತ್ತು ಅಂತ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವಳಿಗೆ ಬೇಕಿದ್ದದ್ದು ನಾಳೆ ಬೆಳಗ್ಗೆ ಮಾಡಬಹುದಾದ ಕೆಲಸ. ನಾನು ಹೇಳಿದ್ದು ಇದು: ನಿಮ್ಮ ಕಟ್ಟಡದ ಮೆಟ್ಟಿಲು, ಕಾರಿಡಾರು, ತಾರಸಿ, ಮೂರೇ ಜಾಗ ಆರಿಸಿಕೋ ಅಮ್ಮಾ. ಎಲ್ಲಿ ಎಷ್ಟು ಗಂಟೆಗೆ ಬಿಸಿಲು ಬರುತ್ತದೆ, ಎಷ್ಟು ಗಂಟೆಗೆ ಹೋಗುತ್ತದೆ ಅಂತ ಒಂದು ವಾರ ಬರೆದುಕೋ. ಆ ಹೊತ್ತಿಗೆ ಅಲ್ಲಿ ಯಾರು ಓಡಾಡುತ್ತಾರೆ ನೋಡು. ಹಾಲಿನವರು, ಬಟ್ಟೆ ಒಣಹಾಕುವವರು, ಲಿಫ್ಟ್ ಕೆಟ್ಟಾಗ ಸಾಮಾನು ಹೊತ್ತು ಹತ್ತುವವರು. ಮೊದಲು ಮಾತಾಡಿಸು, ಕೇಳಿ ತೆಗಿ, ಪ್ರಿಂಟ್ ಹಾಕಿಸಿ ಅವರಿಗೂ ಒಂದು ಕೊಡು. ಮುಂದಿನ ಕೂಟಕ್ಕೆ ಮ್ಯಾಕ್ಸಿ ಸೈಜಿನ ಪ್ರಿಂಟುಗಳನ್ನು ತಗೊಂಡು ಬಾ, ಇದೇ ಮೇಜಿನ ಮೇಲೆ ಹರಡಿ ಎಲ್ಲರೂ ಒಟ್ಟಿಗೆ ಜೋಡಿಸೋಣ.